ಗುಮಾನಿ ಮೊದಲು, ಮನುಷ್ಯ ಆಮೇಲೆ

ರಾಯಚೂರಿನ ಸ್ಟೇಷನ್ ರೋಡಿನಲ್ಲಾಗಲಿ, ಗಂಜಿನಲ್ಲಾಗಲಿ ಆಫ್ರಿಕಾದವರನ್ನು ಕಾಣುವುದು ಬಲು ಅಪರೂಪ. ಹತ್ತಿ ಹೇರಿಕೊಂಡು ಬರುವ ರೈತರು, ಶಕ್ತಿನಗರಕ್ಕೆ ಡ್ಯೂಟಿಗೆ ಹೋಗುವವರು, ಮಂತ್ರಾಲಯಕ್ಕೆ ಹೊರಟ ಭಕ್ತರು, ಇವರೇ ನಮ್ಮೂರಿನ ದಿನನಿತ್ಯದ ಜನ. ಆದರೂ ಆಫ್ರಿಕಾದವರು ಹೆಂಗ ಅಂತ ಯಾರನ್ನಾದರೂ ಕೇಳಿ ನೋಡಿ, ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಡ್ರಗ್ಸ್ ಮಾರೋರು. ಕುಡಿದು ಜಗಳಾ ಮಾಡೋರು. ಮೈಯಾಗ ಬಲ ಭಾಳ, ತಲಿ ಕಮ್ಮಿ. ಹೀಗೆ ಹೇಳುವವರು ಜನ್ಮದಲ್ಲಿ ಒಬ್ಬ ಕಪ್ಪು ಮನುಷ್ಯನ ಜೊತೆ ಒಂದು ಮಾತೂ ಆಡಿರುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಒಂಬತ್ತನೇ ತರಗತಿಯ ಮಕ್ಕಳ ಬಾಯಲ್ಲೂ ಇದೇ ಉತ್ತರ ಬರುತ್ತದೆ. ಕಣ್ಣಾರೆ ಕಾಣದ ಜನರ ಬಗ್ಗೆ ಇಷ್ಟು ಖಚಿತವಾದ ತೀರ್ಮಾನ ನಮ್ಮ ಊರಿಗೆ ಯಾವ ದಾರಿಯಿಂದ ಬಂತು ಎಂಬ ಪ್ರಶ್ನೆ ಬಹಳ ದಿನದಿಂದ ನನ್ನನ್ನು ಕಾಡುತ್ತಿದೆ.

ಕಳೆದ ವರ್ಷ ಬೆಂಗಳೂರಿನಿಂದ ರಾತ್ರಿ ರೈಲಿಗೆ ವಾಪಸು ಬರುತ್ತಿದ್ದೆ. ಸ್ಲೀಪರ್ ಬೋಗಿ. ಎದುರಿನ ಸೀಟಿನಲ್ಲಿ ಟಾಂಜಾನಿಯಾದ ಹುಡುಗನೊಬ್ಬ ಕುಳಿತಿದ್ದ. ಬೆಂಗಳೂರಿನಲ್ಲಿ ಬಿ.ಫಾರ್ಮಾ ಓದುವವನು, ಪುಣೆಯ ಗೆಳೆಯನ ಬಳಿ ಹೊರಟವನು ಎಂಬುದೆಲ್ಲ ಆಮೇಲೆ ತಿಳಿಯಿತು. ಅಲ್ಲೇ ಯಾದಗಿರಿಗೆ ಹೋಗುವ ಒಂದು ಕುಟುಂಬವೂ ಇತ್ತು. ಅಪ್ಪ ಹುಡುಗನನ್ನು ಒಮ್ಮೆ ನೋಡಿದವರೇ ಸೀಟಿನ ಕೆಳಗಿಟ್ಟಿದ್ದ ಬ್ಯಾಗುಗಳನ್ನೆಲ್ಲ ಎಳೆದು ಮೇಲಿನ ಬರ್ತಿಗೆ ಏರಿಸಿದರು. ತಾಯಿ ಮಗಳನ್ನು ಕಿಟಕಿಯ ಕಡೆ ಸರಿಸಿ ತಾವು ಈಚೆ ಕುಳಿತರು. ಟಿಟಿಇ ಬಂದಾಗ ಆ ಮನುಷ್ಯ ಎದ್ದು ಪಕ್ಕಕ್ಕೆ ಹೋಗಿ, "ಸರ್, ಹೆಣ್ಮಕ್ಕಳು ಅದಾರ್ರೀ, ಬ್ಯಾರೆ ಕಡೆ ಬರ್ತ್ ಕೊಡ್ರಿ" ಅಂದರು. ಟಿಟಿಇ ಚಾರ್ಟಿನಿಂದ ತಲೆ ಎತ್ತದೆ, "ಅವ್ರೂ ಟಿಕೆಟ್ ತೊಗೊಂಡಾರ್ರೀ" ಅಂದು ಮುಂದೆ ಹೋದರು. ಹುಡುಗ ಫೋನ್ ನೋಡುತ್ತಿದ್ದ. ಬೆಂಗಳೂರಿನಲ್ಲಿ ಮೂರು ವರ್ಷ ಇದ್ದವನಿಗೆ ಅಷ್ಟು ಕನ್ನಡ ತಿಳಿಯದೇ ಇರುತ್ತದೆಯೇ?

ಕಾಲೇಜಿಗೆ ರಜೆ. ಆದರೂ ಅವನ ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡ್ ಇತ್ತು, ಫೋಟೋ ಮುಂದಕ್ಕೆ ಕಾಣುವ ಹಾಗೆ. ಮಲಗುವಾಗಲೂ ಅದನ್ನು ತೆಗೆಯಲಿಲ್ಲ. ಮಾತಿಗೆ ಮಾತು ಬೆಳೆದ ಮೇಲೆ ಕೇಳಿದೆ. ಕಾರ್ಡ್ ಕಾಣುತ್ತಿದ್ದರೆ ಪ್ರಶ್ನೆಗಳು ಕಡಿಮೆ ಆಗುತ್ತವೆ ಅಂದ. ಬ್ಯಾಗಿನ ಹೊರಗಿನ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಪಾಸ್‌ಪೋರ್ಟಿನ ಜೆರಾಕ್ಸ್, ವೀಸಾ, ಬಾಡಿಗೆ ಕರಾರು ಪತ್ರ, ಕಾಲೇಜಿನ ಬೋನಾಫೈಡ್. ಹೊರಗಿನ ಜೇಬಿನಲ್ಲೇ ಯಾಕೆ ಇಡಬೇಕೆಂದರೆ, ಪೊಲೀಸರು ಕೇಳಿದಾಗ ಬ್ಯಾಗಿನೊಳಗೆ ಕೈ ಹಾಕಿ ತಡಕಾಡಬಾರದಂತೆ. ಅವನು ಇಲ್ಲಿಗೆ ಬಂದ ಮೊದಲ ವಾರವೇ ಹಿರಿಯ ವಿದ್ಯಾರ್ಥಿಗಳು ಹೇಳಿಕೊಟ್ಟ ಬುದ್ಧಿ ಅದು. ಇಪ್ಪತ್ತೊಂದು ವರ್ಷದ ಹುಡುಗ. ಔಷಧಿ ಶಾಸ್ತ್ರ ಕಲಿಯಲು ಬಂದವನು ಮೊದಲು ಕಲಿತದ್ದು ಕಾಗದ ಎಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನು.

ಅಮೆರಿಕದ ಕಪ್ಪು ತಂದೆತಾಯಿಗಳು ಮಕ್ಕಳಿಗೆ ಇಂಥದ್ದೇ ಪಾಠ ಹೇಳುತ್ತಾರೆ. ಪೊಲೀಸರು ನಿಲ್ಲಿಸಿದರೆ ಕೈ ಕಾಣುವ ಹಾಗೆ ಇಟ್ಟುಕೋ, ಓಡಬೇಡ, ಎದುರು ಮಾತಾಡಬೇಡ, ಜೇಬಿಗೆ ಕೈ ಹಾಕಬೇಡ. ಆದರೆ ಎಲ್ಲ ಮಕ್ಕಳಿಗೂ ಆ ಪಾಠ ಪಾಲಿಸುವಷ್ಟು ಸಮಯವೂ ಸಿಗುವುದಿಲ್ಲ. 2014ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ನಗರದ ಪಾರ್ಕೊಂದರಲ್ಲಿ ಟಮೀರ್ ರೈಸ್ ಎಂಬ 12 ವರ್ಷದ ಹುಡುಗ ಆಟಿಕೆ ಪಿಸ್ತೂಲು ಹಿಡಿದುಕೊಂಡು ಆಡುತ್ತಿದ್ದ. ಫೋನ್ ಮಾಡಿ ಪೊಲೀಸರಿಗೆ ತಿಳಿಸಿದವರು ಅದು ಬಹುಶಃ ಆಟಿಕೆ ಇರಬೇಕು, ಹುಡುಗ ಚಿಕ್ಕವನಿರಬೇಕು ಎಂದೂ ಹೇಳಿದ್ದರು. ಆ ಮಾತು ಪಾರ್ಕಿಗೆ ಹೋದ ಪೊಲೀಸರಿಗೆ ತಲುಪಲಿಲ್ಲ. ಕಾರು ಬಂದು ನಿಂತ ಕೆಲವೇ ಸೆಕೆಂಡಿನಲ್ಲಿ ಅವನ ಮೇಲೆ ಗುಂಡು ಹಾರಿತು. ನಮ್ಮಲ್ಲಿ ದೀಪಾವಳಿ ಬಂದರೆ ಎಷ್ಟು ಹುಡುಗರ ಕೈಯಲ್ಲಿ ರೀಲು ಪಟಾಕಿಯ ಪಿಸ್ತೂಲು ಇರುತ್ತದೆ ಎಂದು ನೆನೆದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2020ರ ಫೆಬ್ರವರಿಯಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಅಹ್ಮದ್ ಆರ್ಬರಿ ಎಂಬ 25 ವರ್ಷದ ಯುವಕ ಹಾಡಹಗಲೇ ಓಡುತ್ತಿದ್ದ. ಅವನನ್ನು ಕಳ್ಳನೆಂದುಕೊಂಡ ಮೂವರು ಬಿಳಿಯರು ಪಿಕಪ್ ಗಾಡಿಗಳಲ್ಲಿ ಅಟ್ಟಿಸಿಕೊಂಡು ಹೋಗಿ ಅಡ್ಡಗಟ್ಟಿದರು. ಒಬ್ಬ ಗುಂಡಿಟ್ಟು ಕೊಂದ. ವಿಡಿಯೋ ಹೊರಗೆ ಬರುವವರೆಗೆ, ಅಂದರೆ ಎರಡು ತಿಂಗಳಿಗೂ ಮೇಲೆ, ಯಾರೂ ಬಂಧನವಾಗಲಿಲ್ಲ. ಅದೇ ವರ್ಷ ಮೇ 25ಕ್ಕೆ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಿದ್ದು ನಮ್ಮೂರಿನ ಮಕ್ಕಳಿಗೂ ಗೊತ್ತು. 20 ಡಾಲರಿನ ಒಂದು ನೋಟು ಖೋಟಾ ಇರಬಹುದು ಎಂಬಲ್ಲಿಂದ ಶುರುವಾಗಿ, ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಪೊಲೀಸಿನವನ ಮೊಣಕಾಲು ಕತ್ತಿನ ಮೇಲೆ ಇದ್ದುದರಲ್ಲಿ ಮುಗಿಯಿತು. ಪಿಸ್ತೂಲಿನ ಗುಮಾನಿ, ಕಳ್ಳತನದ ಗುಮಾನಿ, ಖೋಟಾ ನೋಟಿನ ಗುಮಾನಿ. ಯಾವುದಕ್ಕೂ ವಿಚಾರಣೆ ನಡೆಯಲಿಲ್ಲ. ನೇರವಾಗಿ ಶಿಕ್ಷೆಯೇ ಆಯಿತು.

ಆಗ ನಮ್ಮಲ್ಲಿ ಎಷ್ಟೋ ಜನ ಫೋನಿನಲ್ಲಿ ಕಪ್ಪು ಬಣ್ಣದ ಡಿಪಿ ಹಾಕಿಕೊಂಡರು. ನಿಜವಾದ ಮರುಕದಿಂದಲೇ ಹಾಕಿರಬೇಕು. ಆದರೆ ಅದು ಅಮೆರಿಕದ ರೋಗ, ನಮಗೇನೂ ಸಂಬಂಧವಿಲ್ಲ ಎಂಬ ಧೈರ್ಯವೂ ಅದರ ಹಿಂದೆ ಇತ್ತು. ಆ ಧೈರ್ಯಕ್ಕೆ ಆಧಾರವಿಲ್ಲ.

2016ರ ಜನವರಿ 31ರ ರಾತ್ರಿ, ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ, ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಒಬ್ಬ ಹೆಣ್ಣುಮಗಳು ತೀರಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದವಳು ಟಾಂಜಾನಿಯಾದ ಒಬ್ಬ ವಿದ್ಯಾರ್ಥಿನಿ. ಅಪಘಾತಕ್ಕೂ ಅವಳಿಗೂ ಸಂಬಂಧವಿಲ್ಲ, ದೇಶವೂ ಬೇರೆ. ಗುಂಪು ಅವಳನ್ನು ಎಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಸುಡಾನಿನಿಂದ ಟಾಂಜಾನಿಯಾ ಎಷ್ಟು ದೂರ ಎಂದು ತರಗತಿಯಲ್ಲಿ ಭೂಪಟ ಬಿಡಿಸಿ ತೋರಿಸುತ್ತೇನೆ. ಉತ್ತರ ಪ್ರದೇಶದವನೊಬ್ಬ ತಪ್ಪು ಮಾಡಿದ್ದಕ್ಕೆ ಶ್ರೀಲಂಕಾದ ಹುಡುಗಿಯನ್ನು ಹಿಡಿದು ಹೊಡೆದರೆ ಹೇಗಿರುತ್ತದೆ ಎಂದು ಕೇಳಿದರೆ ಮಕ್ಕಳು ಗಂಭೀರವಾಗುತ್ತಾರೆ. ಆಫ್ರಿಕಾದಲ್ಲಿ 54 ದೇಶಗಳಿವೆ. ಹೊಡೆದವರಿಗೆ ಅಷ್ಟೂ ಒಂದೇ ಆಗಿ ಕಂಡವು.

ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿಯ ವಸಂತ ಕುಂಜ್ ಬಳಿ ಕಾಂಗೋ ದೇಶದ ಯುವಕನೊಬ್ಬನನ್ನು ಆಟೋ ಬಾಡಿಗೆಯ ಜಗಳದಲ್ಲಿ ಹೊಡೆದು ಕೊಂದರು. 2017ರ ಮಾರ್ಚಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಹುಡುಗನೊಬ್ಬ ಕಾಣೆಯಾದಾಗ, ಪಕ್ಕದ ನೈಜೀರಿಯಾದ ವಿದ್ಯಾರ್ಥಿಗಳು ಅವನನ್ನು ಕೊಂದು ತಿಂದಿದ್ದಾರೆ ಎಂಬ ಸುದ್ದಿ ಹಬ್ಬಿತು. ತಿಂದಿದ್ದಾರೆ! ಓದು ಬರಹ ಬಲ್ಲವರು, ಅಪಾರ್ಟ್‌ಮೆಂಟಿನಲ್ಲಿ ಇರುವವರು ಅದನ್ನು ನಂಬಿದರು. ಹುಡುಗ ಮನೆಗೆ ಬಂದ, ಆಮೇಲೆ ತೀರಿಕೊಂಡ. ಡ್ರಗ್ಸ್ ಕೊಟ್ಟು ಕೊಂದರು ಎಂದು ಸುದ್ದಿ ಬದಲಾಯಿತು. ಗುಮಾನಿ ಮಾತ್ರ ಬದಲಾಗದೆ ಅವರ ಮೇಲೆಯೇ ಉಳಿಯಿತು. ಮೇಣದಬತ್ತಿ ಹಿಡಿದು ಹೊರಟ ಮೆರವಣಿಗೆ ಕೊನೆಗೆ ಕಂಡ ಕಂಡ ಆಫ್ರಿಕನ್ನರ ಮೇಲೆ ಬಿತ್ತು. ಮಾಲ್ ಒಂದರೊಳಗೆ ಕುರ್ಚಿ, ಕಸದ ಡಬ್ಬಿ ಎತ್ತಿ ಎತ್ತಿ ಹೊಡೆಯುವ ವಿಡಿಯೋ ದೇಶವೇ ನೋಡಿತು. ಸುತ್ತ ನಿಂತವರಲ್ಲಿ ಹೆಚ್ಚಿನವರು ಫೋನ್ ಹಿಡಿದಿದ್ದರು.

ಇದೆಲ್ಲ ದೂರದ ದೆಹಲಿಯ ಮಾತು ಅನ್ನುವವರಿಗೆ ನಮ್ಮ ಕಲ್ಯಾಣ ಕರ್ನಾಟಕದ್ದೇ ಒಂದನ್ನು ನೆನಪಿಸಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ಅವನ ಜೊತೆಗಿದ್ದ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಎಂದು ವಾಟ್ಸಾಪಿನಲ್ಲಿ ಹರಿಯಿತು, ಮುಂದಿನ ಊರಿನವರು ರಸ್ತೆಗೆ ಅಡ್ಡ ಹಾಕಿ ಕಾದರು. ಅವನು ಆಫ್ರಿಕಾದವನಲ್ಲ, ಭಾಷೆ ಬಲ್ಲವನು, ಅರ್ಧ ದಿನದ ದಾರಿಯ ಊರಿನವನು. ಅವನಿಗೇ ಹೀಗಾದರೆ, ಜನ್ಮಪೂರ್ತಿ ಎಲ್ಲಿ ಹೋದರೂ ಹೊರಗಿನವನಾಗಿಯೇ ಕಾಣುವ ಕಪ್ಪು ಮನುಷ್ಯನ ಗತಿ ಏನು? ಊರಿಗೆ ಹೊಸಬನಾದವನ ಮೇಲಿನ ಗುಮಾನಿ ನಾಲ್ಕು ದಿನಕ್ಕೆ ಇಳಿಯಬಹುದು. ಚರ್ಮದ ಮೇಲಿನ ಗುಮಾನಿಯನ್ನು ಅಂಗಿಯ ಹಾಗೆ ಬಿಚ್ಚಿಡಲು ಬರುವುದಿಲ್ಲ.

ಆಫ್ರಿಕಾದ ಕೆಲವರು ಡ್ರಗ್ಸ್ ಪ್ರಕರಣಗಳಲ್ಲಿ ಸಿಕ್ಕಿಬೀಳುವುದು ಸುಳ್ಳಲ್ಲ. ಅದೇ ಪ್ರಕರಣಗಳಲ್ಲಿ ನಮ್ಮವರೂ ಸಿಕ್ಕಿಬೀಳುತ್ತಾರೆ. ನಮ್ಮವನು ಸಿಕ್ಕರೆ ಆರೋಪಿಯ ಹೆಸರು ಬರುತ್ತದೆ, ಅವರವನು ಸಿಕ್ಕರೆ ಇಡೀ ಖಂಡದ ಹೆಸರು ತಲೆಬರಹಕ್ಕೆ ಏರುತ್ತದೆ. ನಮ್ಮ ಸಿನಿಮಾಗಳಲ್ಲಿ ಕಪ್ಪು ನಟನಿಗೆ ಇರುವ ಕೆಲಸವೂ ಅಷ್ಟೇ: ಖಳನ ಹಿಂದೆ ಮೈ ಉಬ್ಬಿಸಿ ನಿಲ್ಲುವುದು, ನಾಯಕನ ಕೈಲಿ ಹೊಡೆತ ತಿನ್ನುವುದು. ಈ ಎರಡು ಬಾಗಿಲಿನಿಂದಲೇ ನಮ್ಮ ಮಕ್ಕಳಿಗೆ ಆಫ್ರಿಕಾ ಪರಿಚಯವಾಗಿದೆ.

ಆದರೆ ರಾಯಚೂರಿಗೆ ಆಫ್ರಿಕಾ ಹೊಸ ಪರಿಚಯವೇ ಅಲ್ಲ. ನನಗೆ ಹೆಚ್ಚು ನೋವಾಗುವುದು ಈ ಮರೆವಿನಿಂದ. ನಮ್ಮೂರಿನ ಏಕ್ ಮಿನಾರ್ ಮಸೀದಿಯ ಪರ್ಷಿಯನ್ ಶಾಸನದ ಪ್ರಕಾರ ಅದನ್ನು ಬಹಮನಿ ಸುಲ್ತಾನ ಮಹಮೂದ್ ಶಹಾನ ಕಾಲದಲ್ಲಿ, 1513ರ ಹೊತ್ತಿಗೆ, ಕಟ್ಟಿಸಿದವನು ಅಂಬರ್. ಆ ಕಾಲದ ದಖನ್ನಿನಲ್ಲಿ ಸಮುದ್ರ ದಾಟಿ ಬಂದ ಹಬಶಿಗಳಿಗೆ, ಅಂದರೆ ಇಥಿಯೋಪಿಯಾದ ಕಡೆಯ ಜನರಿಗೆ, ಇಡುತ್ತಿದ್ದ ಹೆಸರುಗಳಲ್ಲಿ ಇದೂ ಒಂದು. ಅದೇ ಹೆಸರಿನ ಇನ್ನೊಬ್ಬ, ಮಲಿಕ್ ಅಂಬರ್, ಇಥಿಯೋಪಿಯಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಗುಲಾಮನಾಗಿ ಮಾರಾಟವಾಗಿ, ಬಾಗ್ದಾದ್ ದಾಟಿ ದಖನ್ನಿಗೆ ಬಂದು, ಅಹಮದ್‌ನಗರ ರಾಜ್ಯದ ಆಡಳಿತವನ್ನೇ ನಡೆಸಿದ. ಮುಂದೆ ಔರಂಗಾಬಾದ್ ಎನಿಸಿಕೊಂಡ ಖಡ್ಕಿ ಊರನ್ನು 1610ರ ಸುಮಾರಿಗೆ ಕಟ್ಟಿ, ನೆಲದಡಿಯ ಕಾಲುವೆಗಳಿಂದ ಅದಕ್ಕೆ ನೀರು ತಂದ. 1626ರಲ್ಲಿ ಅವನು ಸಾಯುವವರೆಗೂ ಮೊಘಲರಿಗೆ ಅವನನ್ನು ಪೂರ್ತಿ ಮಣಿಸಲು ಆಗಲಿಲ್ಲ.

ರಾಯಚೂರು ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದಾಗ ಆ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ವಜೀರನಾಗಿದ್ದ. ಮುಂದೆ ಇನ್ನೊಬ್ಬ ಹಬಶಿ, ಸಿದ್ದಿ ಮಸೂದ್ ಖಾನ್, ಅದೇ ಬಿಜಾಪುರದ ಆಡಳಿತದ ಚುಕ್ಕಾಣಿ ಹಿಡಿದ. ಅವನ ನೆಲೆ ಆದೋನಿ. ಇವತ್ತು ಆಂಧ್ರದಲ್ಲಿರುವ ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯದೇ ತಾಲೂಕು. ಬಳ್ಳಾರಿ, ಸಿರುಗುಪ್ಪದ ಕಡೆಯವರು ಹತ್ತಿ ಮಾರಲು, ಸಂಬಂಧ ಬೆಳೆಸಲು ಹೋಗಿ ಬರುವ ಊರು. ಅಲ್ಲಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಈ ಸಿದ್ದಿ ಮಸೂದ್. ಔರಂಗಜೇಬನ ಸೈನ್ಯ ಆದೋನಿ ಕೋಟೆಗೆ ಮುತ್ತಿಗೆ ಹಾಕಿದಾಗ ಫಿರಂಗಿಗಳನ್ನು ಆ ಮಸೀದಿಯ ಕಡೆ ತಿರುಗಿಸಿತಂತೆ. ಜೀವಕ್ಕಿಂತ ಪ್ರೀತಿಯ ಆ ಕಟ್ಟಡ ಒಡೆಯುವುದನ್ನು ನೋಡಲಾರದೆ ಮುದುಕ ಮಸೂದ್ ಕೋಟೆ ಬಿಟ್ಟುಕೊಟ್ಟ ಎಂದು ಹೇಳಿಕೆ ಇದೆ.

ಹಾಗೆಂದು ಆ ಕಾಲವನ್ನು ಚಿನ್ನದ ಕಾಲ ಅನ್ನಲಾರೆ. ಆ ಜನ ಇಲ್ಲಿಗೆ ಬಂದದ್ದೇ ಮಾರಾಟದ ಸರಕಾಗಿ. ಮಲಿಕ್ ಅಂಬರನನ್ನು ಯುದ್ಧದಲ್ಲಿ ಮುಗಿಸಲಾರದ ಜಹಾಂಗೀರ್ ಬಾದಶಹ ತನ್ನ ದಿನಚರಿಯಲ್ಲಿ ಅವನನ್ನು ಕಪ್ಪು ಮೋರೆಯವನೆಂದು ಬೈದ. ಈಟಿಗೆ ಸಿಕ್ಕಿಸಿದ ಅಂಬರನ ರುಂಡಕ್ಕೆ ತಾನು ಬಾಣ ಬಿಡುವ ಹಾಗೆ ಚಿತ್ರ ಬರೆಸಿಕೊಂಡ. ಆ ರುಂಡ ಅವನಿಗೆ ಎಂದೂ ಸಿಗಲಿಲ್ಲ. ಬಣ್ಣವನ್ನು ಬೈಗುಳ ಮಾಡುವ ಬುದ್ಧಿಯನ್ನು ಇಂಗ್ಲಿಷರು ಹಡಗಿನಲ್ಲಿ ತಂದರು ಎಂದು ಪೂರ್ತಿ ಅವರ ತಲೆಗೆ ಕಟ್ಟುವ ಹಾಗಿಲ್ಲ.

ನಮ್ಮ ಭಾಗದವರು ದೊಡ್ಡ ರೋಗಗಳಿಗೆಲ್ಲ ಹೋಗುವುದು ಹೈದರಾಬಾದಿಗೆ. ಲಕಡಿಕಾ ಪೂಲ್ ಕಡೆಯ ಆಸ್ಪತ್ರೆಗಳಿಗೆ ಆಟೋದಲ್ಲಿ ಹೋಗುವಾಗ ಎ.ಸಿ. ಗಾರ್ಡ್ಸ್ ಎಂಬ ಬಡಾವಣೆ ಬರುತ್ತದೆ. ಅದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್, ನಿಜಾಮನ ಆಫ್ರಿಕನ್ ಕುದುರೆ ಪಡೆಯವರು ಇದ್ದ ಜಾಗ. 1948ರವರೆಗೆ ರಾಯಚೂರು, ಕೊಪ್ಪಳದವರೆಲ್ಲ ಆ ನಿಜಾಮನ ಪ್ರಜೆಗಳೇ. ಆ ಕುದುರೆ ಸವಾರರೂ ನಮ್ಮ ಅಜ್ಜಂದಿರೂ ಒಂದೇ ಸಂಸ್ಥಾನದ ಜನ. ಅವರ ಮಕ್ಕಳು ಮೊಮ್ಮಕ್ಕಳು ಇವತ್ತೂ ಅಲ್ಲಿದ್ದಾರೆ.

ಆಫ್ರಿಕಾ ಮೂಲದವರೇ ಆದ, ಕನ್ನಡ ಮಾತಾಡುವ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಬದುಕುತ್ತಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು, ಆ ಸಮುದಾಯದಿಂದ ಮೊದಲಿಗರಾಗಿ. ಅಷ್ಟಾದರೂ ಸಿದ್ದಿ ಹುಡುಗರು ಬೆಂಗಳೂರಿಗೆ ಹೋದರೆ ಯಾವ ದೇಶ ಅಂತ ಕೇಳಿಸಿಕೊಳ್ಳುತ್ತಾರೆ. 1980ರ ದಶಕದಲ್ಲಿ ಸರ್ಕಾರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿಗೆ ಕರೆದೊಯ್ಯಿತು, ಆಫ್ರಿಕಾದ ರಕ್ತ, ಒಲಿಂಪಿಕ್ಸ್ ಪದಕ ಬಂದೀತು ಎಂಬ ಆಸೆಯಿಂದ. ಕೆಲವರು ಚೆನ್ನಾಗಿ ಓಡಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ವಾಪಸು ಕಾಡಂಚಿಗೆ ಬಂದರು. ಹೊಗಳಿಕೆಯ ರೂಪದಲ್ಲಿ ಬಂದರೂ ಅದು ಅದೇ ಪೂರ್ವಗ್ರಹ. ಇವರಲ್ಲೊಬ್ಬ ಲೆಕ್ಕದ ಮೇಷ್ಟ್ರಾಗಬಹುದು, ವಕೀಲಳಾಗಬಹುದು ಎಂದು ಯಾರೂ ಮಕ್ಕಳನ್ನು ಆರಿಸಿ ಕರೆದೊಯ್ಯಲಿಲ್ಲ.

ಬಣ್ಣದ ವಿಷಯ ಬಂದರೆ ನಮ್ಮ ಮನೆಗಳೇನು ಕಡಿಮೆ? ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ಸುಡುವ ಊರು ನಮ್ಮದು, ಮುಕ್ಕಾಲು ಪಾಲು ಜನ ಕಪ್ಪಗೇ ಇದ್ದೇವೆ. ಆದರೂ ಕನ್ಯೆಯ ಬಯೋಡಾಟಾಕ್ಕೆ ಫೋಟೋ ತೆಗೆಸುವ ಸ್ಟುಡಿಯೋದಲ್ಲಿ ತಾಯಂದಿರು ಹೇಳುವ ಮೊದಲ ಮಾತು, "ಸ್ವಲ್ಪ ಬೆಳ್ಳಗ ಮಾಡ್ರಿ ಅಣ್ಣಾ". ಫೋಟೋದವನು ಮೌಸ್ ಎಳೆಯುತ್ತಾನೆ, ಪರದೆಯ ಮೇಲೆ ಮೊದಲು ಹಣೆ, ಆಮೇಲೆ ಕೆನ್ನೆ ತಿಳಿಯಾಗುತ್ತವೆ. ಕತ್ತು ಮಾತ್ರ ಇದ್ದ ಬಣ್ಣದಲ್ಲೇ ಉಳಿದಿರುತ್ತದೆ. ತಾಯಿ ಅದನ್ನೂ ತೋರಿಸಿ ಬೆಳ್ಳಗೆ ಮಾಡಿಸುತ್ತಾಳೆ. ಪಕ್ಕದಲ್ಲೇ ನಿಂತ ಮಗಳು ತನ್ನ ಮುಖ ಮಾಯವಾಗುವುದನ್ನು ನೋಡುತ್ತಿರುತ್ತಾಳೆ. ನನ್ನ ತಂಗಿ ಹಾಗೆ ನಿಂತಿದ್ದಳು. ಎಂ.ಎಸ್ಸಿ. ಮುಗಿಸಿದವಳು, ಹಾಡುವವಳು. ನೋಡಲು ಬಂದವರು ಬಣ್ಣದ ಲೆಕ್ಕ ಹಾಕಿ ಬಂಗಾರದ ತೊಲ ಏರಿಸಿದರು. 1975ರಲ್ಲಿ ನಮ್ಮ ದೇಶಕ್ಕೆ ಬಂದ ಫೇರ್ ಅಂಡ್ ಲವ್ಲಿ, 2020ರಲ್ಲಿ ಫ್ಲಾಯ್ಡ್ ಸಾವಿನ ನಂತರದ ಗದ್ದಲದ ನಡುವೆ, ಹೆಸರು ಬದಲಿಸಿಕೊಂಡಿತು. ನಮ್ಮ ಕಿರಾಣಿ ಅಂಗಡಿಯಲ್ಲಿ ಇವತ್ತೂ ಅದನ್ನು ಹಳೆಯ ಹೆಸರಿನಿಂದಲೇ ಕೇಳುತ್ತಾರೆ.

ಬಿಸಿಲಲ್ಲಿ ದುಡಿಯುವವರು ಕಪ್ಪು, ನೆರಳಲ್ಲಿ ಕುಳಿತವರು ಬಿಳಿ ಎಂಬ ಲೆಕ್ಕ ನಮ್ಮಲ್ಲಿ ಜಾತಿಯ ಲೆಕ್ಕದ ಜೊತೆ ಕೂಡಿಕೊಂಡಿದೆ. ಈ ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ನೋವು ನೋವನ್ನು ಗುರುತಿಸುತ್ತದೆ. 1946ರಲ್ಲಿ ಅಂಬೇಡ್ಕರರು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಅರ್ಜಿ ಸಲ್ಲಿಸಿದ ಸುದ್ದಿ ಓದಿ, ಭಾರತದ ಅಸ್ಪೃಶ್ಯರೂ ಹಾಗೆ ಮಾಡುವ ಯೋಚನೆಯಲ್ಲಿದ್ದಾರೆ, ಆ ಅರ್ಜಿಯ ಪ್ರತಿ ಸಿಗಬಹುದೇ ಎಂದು ಕೇಳಿದ ಕಾಗದ ಅದು. ಇಬ್ಬರ ಸ್ಥಿತಿಯಲ್ಲಿ ಎಷ್ಟು ಸಾಮ್ಯವಿದೆಯೆಂದರೆ ಅದನ್ನು ಅಧ್ಯಯನ ಮಾಡುವುದು ಅಗತ್ಯವೇ ಆಗಿದೆ ಎಂದೂ ಬರೆದಿದ್ದರು. ಡುಬಾಯ್ಸ್ ಅದೇ ತಿಂಗಳು ಸಹಾನುಭೂತಿಯಿಂದ ಉತ್ತರಿಸಿದರು. ಏಪ್ರಿಲ್ 14ಕ್ಕೆ ನಮ್ಮ ಓಣಿ ಓಣಿಯಲ್ಲೂ ಮೆರವಣಿಗೆ ಹೊರಡುತ್ತದೆ, ಭಾಷಣಗಳಾಗುತ್ತವೆ. ಈ ಕಾಗದದ ಮಾತನ್ನು ಅಲ್ಲಿ ಎತ್ತಬೇಕು ಎಂಬುದು ನನ್ನ ಆಸೆ.

ಗುಳೆ ಹೋಗುವ ಜಿಲ್ಲೆಯವರಾದ ನಮಗೆ ಗುಮಾನಿ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ದೇವದುರ್ಗ, ಮಸ್ಕಿ, ಲಿಂಗಸೂಗೂರಿನ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಬಸ್ಸು ತುಂಬ ಜನ ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋಗುತ್ತಾರೆ. ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಆ ಲೇಔಟಿನಲ್ಲಿ ಯಾರದೋ ಮನೆಯಲ್ಲಿ ಕಳವಾದರೆ ಮೊದಲು ಹುಡುಕುವುದು ಆ ಶೆಡ್ಡುಗಳನ್ನು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಹಾಗೆ ಗುಳೆ ಹೋದವರು, ಬೆಂಗಳೂರಿನ ಹೆಣ್ಣೂರಿನ ಕಡೆ ನಾಲ್ಕು ಮಹಡಿಯ ಕಟ್ಟಡವೊಂದಕ್ಕೆ ವಾಚ್‌ಮನ್ ಆಗಿದ್ದವರು. ಮೂರನೇ ಮಹಡಿಯಲ್ಲಿ ಆಫ್ರಿಕಾದ ಮೂವರು ವಿದ್ಯಾರ್ಥಿಗಳು ಬಾಡಿಗೆಗೆ ಇದ್ದರು. ಮಗಳ ಟಿ.ಸಿ. ತೆಗೆದುಕೊಳ್ಳಲು ಶಾಲೆಗೆ ಬಂದಾಗ ಮಾತು ಅತ್ತ ಹೊರಳಿತು.

"ಓನರ್ ಒಂದು ನೋಟ್‌ಬುಕ್ ಕೊಟ್ಟಿದ್ರೀ ಮೇಡಂ. ಆ ಮೂರು ಮಂದಿ ಯಾವಾಗ ಹೋದ್ರು, ಯಾವಾಗ ಬಂದ್ರು, ಕೈಯಾಗ ಏನಿತ್ತು, ಬರ್ದಿಡು ಅಂದಿದ್ರು."

"ಏನೇನ್ ಬರೀತಿದ್ರಿ ಅಣ್ಣಾ?"

"ಏನೈತ್ರೀ ಬರ್ಯಾಕ? ಮುಂಜಾನಿ ಕಾಲೇಜಿಗೆ ಹೋದ್ರು. ಸಂಜೀಕ ಬಂದ್ರು, ಕೈಯಾಗ ಟೊಮ್ಯಾಟೊ. ಐತವಾರ ಚರ್ಚಿಗೆ ಹೋದ್ರು. ಅದೇ ಅದೇ."

ಉಳಿದ ಮನೆಗಳವರದ್ದು ಬರೆಯುತ್ತಿರಲಿಲ್ಲವೇ ಎಂದು ಕೇಳಿದೆ. ಇಲ್ಲವಂತೆ. ಆ ಹುಡುಗರಿಗೆ ನೋಟ್‌ಬುಕ್ಕಿನ ವಿಷಯ ಗೊತ್ತಿತ್ತು. ಕೆಲವೊಮ್ಮೆ ತಾವೇ ನಿಂತು, ಗಡಿಯಾರ ನೋಡಿ ಸಮಯ ಹೇಳಿ ಹೋಗುತ್ತಿದ್ದರಂತೆ. ಎರಡು ವರ್ಷ ಬರೆದದ್ದರಲ್ಲಿ ಪೊಲೀಸರಿಗೆ ಹೇಳುವಂಥದ್ದು ಒಂದೂ ಇರಲಿಲ್ಲ. ಆದರೂ ಓನರ್ ಎರಡನೇ ನೋಟ್‌ಬುಕ್ ತಂದುಕೊಟ್ಟರು.

"ನಮ್ದೂ ಆಧಾರ್ ಜೆರಾಕ್ಸ್, ಬೆರಳಚ್ಚು ಸ್ಟೇಷನ್ನಾಗ ಕೊಟ್ಟೇ ಕೆಲ್ಸಕ್ಕ ಇಟ್ಕೊಂಡಿದ್ರು" ಅಂದರು ಅವರು, ಟಿ.ಸಿ.ಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಳ್ಳುತ್ತ. "ನಮ್ಮ ಮ್ಯಾಲ ಅವ್ರಿಗೆ ನಂಬಿಕಿ ಇದ್ದಿಲ್ಲ. ಆ ಹುಡುಗ್ರ ಮ್ಯಾಲ ನಂಬಿಕಿ ಇಲ್ದಕ್ಕ ನಮ್ಮನ್ನ ಕಾವಲು ಇಟ್ಟಿದ್ರು."